ಮುಂದಕ್ಕೆ ಮುಖವಿರುವ ಸೀಟು

ಭಾನುವಾರ ಬೆಳಿಗ್ಗೆ ಬಸ್ಸಿಳಿದಾಗ ನೆಸ್ಟ್‌ಗೆ ಎರಡು ಕೆಲಸಗಳಿದ್ದವು. ಒಂದು, ಹಳ್ಳಿಯ ಪ್ರಾರ್ಥನಾಮಂದಿರವಾದ ಚಾಪೆಲ್ಲಿನಲ್ಲಿ ಎಲ್ಲರೆದುರು ನಿಂತು ಬೈಬಲಿನ ವಚನ ಒಪ್ಪಿಸುವುದು. ಇನ್ನೊಂದು, ನೀನು ನಮ್ಮ ಜೊತೆ ಯುರೋಪ್ ಸುತ್ತಲು ಬರುವುದು ಬೇಡ ಎಂದು ಗ್ವೆನೊಗೆ ಹೇಳುವುದು. ಮೊದಲನೆಯದಕ್ಕೆ ಅವಳು ಏನೇನೂ ತಯಾರಾಗಿರಲಿಲ್ಲ. ಎರಡನೆಯದನ್ನು ಗುರುವಾರದಿಂದ ಬಾಯಿಪಾಠ ಮಾಡುತ್ತಿದ್ದಳು. ಹಲ್ಲುಜ್ಜುವಾಗ ಹೇಳಿ ನೋಡಿದ್ದಳು, ನಾಯಿಗೆ ಹೇಳಿ ನೋಡಿದ್ದಳು, ಈಗಷ್ಟೇ ಬಸ್ಸಿನ ಕಿಟಕಿಗೆ ಹೇಳಿ ನೋಡಿದ್ದಳು. ಯಾವ ಮಾತನ್ನೇ ಆಗಲಿ ಇಪ್ಪತ್ತು ಸಲ ಹೇಳಿದರೆ ಅದು ನಿನ್ನದಾಗುತ್ತದೆ ಎಂದು ಭಾನುವಾರದ ಶಾಲೆಯಲ್ಲಿ ಮಿಸೆಸ್ ಪ್ಯಾರಿ ಕಲಿಸಿದ್ದರು. ಇದು ನಲವತ್ತು ಸಲವಾದರೂ ಅವಳದಾಗಿರಲಿಲ್ಲ. ‘ಕೋಣೇಲಿ ನಾಲ್ಕೇ ಹಾಸಿಗೆ ಗ್ವೆನೊ, ಅವರೆಲ್ಲ ಏನಂತಾರೆ ಅಂದ್ರೆ’ ಎಂಬಲ್ಲಿಗೆ ಬಂದು ಪ್ರತಿ ಸಲವೂ ನಿಂತುಬಿಡುತ್ತಿತ್ತು. ನಾಯಿ ಮುಂದೇನು ಎಂಬಂತೆ ಮುಖ ನೋಡಿ, ಮುಂದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ಹೋಗಿತ್ತು.

ಕೆಳಗಿನ ಪೇಟೆಯಿಂದ ಈ ಹಳ್ಳಿಗೆ ಮೂರು ಮೈಲಿ, ಏಳು ತಿರುವು. ಬಸ್ಸಿನಲ್ಲಿ ನೆಸ್ಟ್ ಯಾವಾಗಲೂ ಮುಂದಕ್ಕೆ ಮುಖವಿರುವ ಸೀಟಿನಲ್ಲೇ ಕೂರುವವಳು. ಡ್ರೈವರನ ಬೆನ್ನಿಗೆ ಹತ್ತಿಕೊಂಡು ಎರಡು ಸೀಟುಗಳು ಹಿಂದಕ್ಕೆ ಮುಖ ಮಾಡಿದ್ದವು. ಅಲ್ಲಿ ಕೂತರೆ ಎರಡನೆಯ ತಿರುವಿಗೆಲ್ಲ ಹೊಟ್ಟೆ ತೊಳಸುತ್ತಿತ್ತು. ಒಂಬತ್ತರ ವಯಸ್ಸಿನಲ್ಲಿ ಭಾನುವಾರದ ಶಾಲೆಯ ಮಕ್ಕಳನ್ನೆಲ್ಲ ಸಮುದ್ರ ನೋಡಲು ಕರೆದುಕೊಂಡು ಹೋದಾಗ ಅವಳಿಗೆ ಹಿಂದುಮುಖದ ಸೀಟು ಸಿಕ್ಕಿತ್ತು. ಗ್ವೆನೊಳ ಹೊಸ ಹುಲ್ಲಿನ ಟೋಪಿ ಆ ದಿನ ಸಮುದ್ರ ಕಾಣುವ ಮೊದಲೇ ಬಳಕೆಗೆ ಬಂತು. ಟೋಪಿಯನ್ನು ಕೊನೆಯವರೆಗೂ ಹಿಡಿದುಕೊಂಡಿದ್ದವಳು ಗ್ವೆನೊಳೇ. ಹುಲ್ಲಿನ ಟೋಪಿ ಸೋರುತ್ತದೆ ಎಂಬುದು ಆಗ ಇಬ್ಬರಿಗೂ ತಿಳಿಯಿತು.

ಚೀಲದಲ್ಲಿ ಫೋನು ನಡುಗಿತು. ನೋಡದೆಯೂ ಅದು ಮಾಬ್ಲಿ ಎಂದು ಗೊತ್ತಿತ್ತು, ಏನು ಕೇಳಿದ್ದಾಳೆ ಎಂಬುದೂ ಗೊತ್ತಿತ್ತು. ‘ಹೇಳ್ದ್ಯಾ?’ ರಾತ್ರಿ ರೈಲಿನ ಕೋಣೆಯನ್ನು ಮಾಬ್ಲಿಯ ಅಪ್ಪ ಇವತ್ತು ಸಂಜೆ ತಮ್ಮ ಕಾರ್ಡಿನಲ್ಲಿ ಕಾಯ್ದಿರಿಸುವವರಿದ್ದರು. ಅಷ್ಟರೊಳಗೆ ಗ್ವೆನೊಗೆ ತಿಳಿಸಿರಬೇಕು, ಅದನ್ನು ನೆಸ್ಟ್ ತಿಳಿಸಬೇಕು, ಏಕೆಂದರೆ ‘ನೀವಿಬ್ರೂ ಚಾಪೆಲ್ಲಿನೋರು, ನಿಮ್ಗೆ ಈ ಥರದ್ದೆಲ್ಲ ಹೇಳೋ ರೀತಿ ಗೊತ್ತಿರುತ್ತೆ’ ಎಂದು ಮಾಬ್ಲಿ ಹೇಳಿದ್ದಳು. ಚಾಪೆಲ್ಲಿನಲ್ಲಿ ಈ ಥರದ್ದನ್ನು ಯಾರೂ ಯಾವತ್ತೂ ಹೇಳಿದ್ದನ್ನು ನೆಸ್ಟ್ ಕೇಳಿರಲಿಲ್ಲ. ಅಲ್ಲಿ ಹೇಳುತ್ತಿದ್ದದ್ದು ಹೆಚ್ಚಾಗಿ ಛಾವಣಿಯ ರಿಪೇರಿಯ ವಿಷಯ.

ಪರೀಕ್ಷೆಗಳು ಮುಗಿದು ಹತ್ತು ದಿನವಾಗಿತ್ತು. ಫಲಿತಾಂಶಕ್ಕೆ ಆಗಸ್ಟ್ ನಡುವಿನವರೆಗೆ ಕಾಯಬೇಕು, ಆಮೇಲೆ ಒಬ್ಬೊಬ್ಬರು ಒಂದೊಂದು ಊರಿನ ವಿಶ್ವವಿದ್ಯಾಲಯಕ್ಕೆ ಚದುರಿಹೋಗುವುದು. ಅದಕ್ಕೆ ಮೊದಲು ನಾಲ್ವರೂ ಸೇರಿ ರೈಲು ಪಾಸು ಮಾಡಿಸಿ ಒಂದು ತಿಂಗಳು ತಿರುಗಿಬರುವುದೆಂದು ಚಳಿಗಾಲದಲ್ಲೇ ಮಾತಾಗಿತ್ತು. ಪ್ಯಾರಿಸ್, ವಿಯೆನ್ನಾ, ಲುಬ್ಲಿಯಾನಾ, ಅಲ್ಲಿಂದ ಕೆಳಗಿಳಿದು ಎಲ್ಲಾದರೊಂದು ಬೆಚ್ಚಗಿನ ಸಮುದ್ರ. ನಾಲ್ವರೆಂದರೆ ನೆಸ್ಟ್, ಮಾಬ್ಲಿ, ಟೊಮೋಸ್, ಗ್ವೆನೊ. ಯಾರ ಕೈಯಲ್ಲೂ ದುಡ್ಡಿರಲಿಲ್ಲ. ನೆಸ್ಟ್ ಶನಿವಾರಗಳಂದು, ಪರೀಕ್ಷೆ ಮುಗಿದ ಮೇಲೆ ವಾರದ ನಡುವೆಯೂ, ಮೀನು ಕರಿಯುವ ಅಂಗಡಿಯಲ್ಲಿ ನಿಂತಳು, ಟೊಮೋಸ್ ಕುರಿಯ ತುಪ್ಪಟ ಕತ್ತರಿಸುವವರ ಹಿಂದೆ ಉಣ್ಣೆ ಸುತ್ತಿದ, ಮಾಬ್ಲಿ ಅಪ್ಪನನ್ನು ಕೇಳಿದಳು. ಗ್ವೆನೊ ಯೋಜನೆ ಮಾಡಿದಳು. ಎಲ್ಲಿ ರಾತ್ರಿ ರೈಲಿನಲ್ಲಿ ಮಲಗಿದರೆ ಕೋಣೆಯ ಬಾಡಿಗೆ ಉಳಿಯುತ್ತದೆ, ಯಾವ ನಿಲ್ದಾಣದಲ್ಲಿ ಕುಡಿಯುವ ನೀರಿನ ನಲ್ಲಿ ಇದೆ, ಯಾವ ಊರಿನಲ್ಲಿ ಸಂಜೆ ಎಷ್ಟು ಗಂಟೆಗೆ ಬ್ರೆಡ್ಡಿನ ಬೆಲೆ ಇಳಿಸುತ್ತಾರೆ, ಎಲ್ಲವೂ ಅವಳ ಪಟ್ಟಿಯಲ್ಲಿತ್ತು. ಶಾಲೆಯ ಊಟದ ಮೇಜಿನಲ್ಲಿ ಅದನ್ನು ಅವಳು ಓದಿ ಹೇಳುವಳು. ಗ್ರಂಥದಲ್ಲಿ ಇಂಥವನು ಇಂಥವನನ್ನು ಹಡೆದನೆಂದು ಬರುವ ವಂಶಾವಳಿಯ ಅಧ್ಯಾಯಗಳನ್ನು ಓದುತ್ತಾರಲ್ಲ, ಅದೇ ಧಾಟಿ, ಅದೇ ನಿಲುಗಡೆ, ಎಲ್ಲ ಊರಿಗೂ ಅಷ್ಟೇ ಮರ್ಯಾದೆ. ನೆಸ್ಟ್‌ಗೆ ಅದು ಕೇಳಲು ಹಿತವಾಗುತ್ತಿತ್ತು. ಕಣ್ಣು ಮುಚ್ಚಿದರೆ ಊರುಗಳು ಒಂದರ ಹಿಂದೊಂದು ದೀಪ ಹಚ್ಚಿಕೊಂಡು ಬರುವಂತೆ. ಒಂದು ದಿನ ಕಣ್ಣು ತೆರೆದಾಗ ಮಾಬ್ಲಿ ಟೊಮೋಸ್‌ನ ಕಡೆ ನೋಡಿ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ನೆಸ್ಟ್ ತಾನು ಕಣ್ಣು ಮುಚ್ಚಿದ್ದು ಬೇಸರದಿಂದ ಎಂಬಂತೆ ಆಕಳಿಸಿದಳು.

ಮೇ ತಿಂಗಳಲ್ಲಿ ಮಾಬ್ಲಿಗೆ ಡವ್ರಿಗ್ ಸಿಕ್ಕಿದ. ಒಳ್ಳೆಯ ಹುಡುಗ, ಎತ್ತರ, ರಗ್ಬಿ ಆಡುವವನು, ಏನು ಕೇಳಿದರೂ ‘ನಂಗೆಲ್ಲಾ ಒಂದೇ’ ಎನ್ನುವವನು. ರಾತ್ರಿ ರೈಲಿನ ಕೋಣೆಯಲ್ಲಿ ನಾಲ್ಕು ಹಾಸಿಗೆ. ಐದನೆಯವರು ಬಂದರೆ ಅಪರಿಚಿತರ ಜೊತೆ ಮಲಗಬೇಕು, ದುಡ್ಡೂ ಹೆಚ್ಚು. ಗುರುವಾರ ಮಾಬ್ಲಿ ಫೋನಿನಲ್ಲಿ ಹೊಸ ಗುಂಪು ಮಾಡಿದಳು. ಹಳೆಯ ಗುಂಪಿನ ಹೆಸರು ‘ಯುರೋಪ್’, ಹೊಸದರದು ‘ಯುರೋಪ್ ೨’. ಮುಚ್ಚುಮರೆ ಏನೂ ಇರಲಿಲ್ಲ, ಗ್ವೆನೊ ಇರಲಿಲ್ಲ ಅಷ್ಟೆ. ಗ್ವೆನೊಗೂ ಇದು ಹಿಂಸೆಯೇ, ಅವಳ ಒಳ್ಳೆಯದಕ್ಕೇ ಹೇಳ್ತಿದ್ದೀನಿ, ಏನಂತೀರಿ ಎಂದು ಮಾಬ್ಲಿ ಬರೆದಿದ್ದಳು. ಟೊಮೋಸ್ ‘ಸರಿ’ ಎಂದ. ನೆಸ್ಟ್ ಆ ಹೊತ್ತಿಗೆ ಅಂಗಡಿಯಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದಳು. ಒದ್ದೆ ಕೈ ಒರೆಸಿಕೊಂಡು ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿ ಮತ್ತೆ ಸುಲಿಯಲು ಕೂತಳು. ಓದಿದೆ ಎಂಬ ಅರ್ಥದಲ್ಲಿ ಒತ್ತಿದ್ದು. ಕೈ ಒದ್ದೆಯಾಗಿದ್ದಾಗ ಮನುಷ್ಯರು ಹಾಗೆ ಒತ್ತುತ್ತಾರೆ. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ವಿಷಯ ತೀರ್ಮಾನವಾಗಿತ್ತು, ಗ್ವೆನೊಗೆ ತಿಳಿಸುವ ಕೆಲಸವನ್ನು ಯಾರಿಗೆ ವಹಿಸುವುದೆಂಬುದೂ ತೀರ್ಮಾನವಾಗಿತ್ತು, ಮಾಬ್ಲಿ ಮೂರು ಹೃದಯಗಳನ್ನು ಕಳಿಸಿದ್ದಳು. ಆ ರಾತ್ರಿ ನೆಸ್ಟ್ ಹಾಸಿಗೆಯಲ್ಲಿ ಬಿದ್ದುಕೊಂಡು ತನ್ನ ಹೆಬ್ಬೆರಳನ್ನು ನೋಡಿದಳು. ಅದಕ್ಕಿಂತ ಕೆಟ್ಟ ಯೋಚನೆಯೊಂದು ಆಮೇಲೆ ಬಂತು. ನಾಲ್ವರಲ್ಲಿ ಒಬ್ಬರನ್ನು ಬಿಡಬೇಕೆಂದಾಗ ಮಾಬ್ಲಿ ಮೊದಲು ಚಾಪೆಲ್ಲಿನ ಇಬ್ಬರನ್ನೂ ಎದುರಿಗೆ ಇಟ್ಟುಕೊಂಡು ನೋಡಿರಬೇಕು, ಒಂದು ಗಳಿಗೆಯಾದರೂ ತೂಗಿರಬೇಕು. ತಾನು ಉಳಿದದ್ದು ಎಷ್ಟು ಕೂದಲೆಳೆಯ ಅಂತರದಲ್ಲಿ ಎಂದು ನೆನೆದು ಮೈ ಬೆಚ್ಚಗಾಯಿತು. ಬೆಚ್ಚಗಾದದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೊಂಡೇ ನಿದ್ದೆ ಹೋದಳು, ಚೆನ್ನಾಗಿಯೇ ನಿದ್ದೆ ಬಂತು.

ಗ್ವೆನೊ ಚಾಪೆಲ್ಲಿನ ಗೇಟಿಗೆ ಒರಗಿ ನಿಂತಿದ್ದಳು. ಅವಳ ಮನೆ ಅಲ್ಲೇ ಮೇಲೆ, ಕಲ್ಲುಗಣಿಯ ಕಸದ ಗುಡ್ಡದ ಬುಡದಲ್ಲಿ. ಭಾನುವಾರದ ನೀಲಿ ಲಂಗ, ಕೈಯಲ್ಲಿ ಒಂದು ಹಸಿರು ಫೈಲು.

“ನಾಲ್ಕು ನಿಮಿಷ ಲೇಟು,” ಎಂದಳು.

“ಕುರಿ ಅಡ್ಡ ಬಂದ್ವು.”

“ಕುರೀನೂ ಸೇರಿಸಿದೀನಿ.” ಫೈಲನ್ನು ತಟ್ಟಿದಳು. “ಹೊರಡೋ ದಿನ ಒಂದು ಬಸ್ಸು ಮುಂಚೆ ಹತ್ಬೇಕು.”

ನೆಸ್ಟ್ ಗೇಟಿನ ತುಕ್ಕನ್ನು ಉಗುರಿನಿಂದ ಕೆರೆದಳು. ಇಲ್ಲೇ ಹೇಳಿಬಿಡಬಹುದು. ಬಿಸಿಲಿತ್ತು, ಯಾರೂ ಇರಲಿಲ್ಲ, ದೂರದಲ್ಲಿ ಒಂದು ಕುರಿ ಕೆಮ್ಮುತ್ತಿತ್ತು. “ಗ್ವೆನೊ, ಒಂದು ಮಾತು,” ಎಂದಳು. “ಹೇಳು,” ಎಂದು ಗ್ವೆನೊ ಒರಗಿದ್ದವಳು ನೆಟ್ಟಗೆ ನಿಂತಳು. ಏನೋ ಬಹಳ ಹೊತ್ತಿನಿಂದ ಕಾದದ್ದು ಬಂತೆಂಬ ಹಾಗೆ ನಿಂತಳೆಂದು ನೆಸ್ಟ್‌ಗೆ ಅನ್ನಿಸಿದ್ದು ಆಮೇಲೆ. ಆ ಗಳಿಗೆಯಲ್ಲಿ ಅವಳಿಗೆ ಕಂಡದ್ದು ಗ್ಯಾರೇಜಿನ ಎಮ್ರಿಸ್ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬರುತ್ತಿದ್ದದ್ದು. ಎಮ್ರಿಸ್ ಚಾಪೆಲ್ಲಿನ ಹಿರಿಯರಲ್ಲೊಬ್ಬರು, ಖಜಾಂಚಿ, ಬಾಗಿಲು ತೆಗೆಯುವವರೂ ಅವರೇ. ಕೀಲೆಣ್ಣೆಯ ಕಲೆ ವಾರವಿಡೀ ತೊಳೆದರೂ ಭಾನುವಾರ ಅವರ ಕೈಮೇಲೆ ಇರುತ್ತಿತ್ತು.

“ಏನ್ರಮ್ಮ, ಪ್ಯಾರಿಸ್ನಲ್ಲೂ ಹೀಗೇ ಯಾರಾದ್ರೂ ಬಾಗ್ಲು ತೆಗೀಲಿ ಅಂತ ನಿಂತಿರ್ತೀರಾ?” ಎಂದರು.

“ಅಲ್ಲಿ ಬಾಗ್ಲು ತಾನಾಗೇ ತೆರ್ಕೊಳುತ್ತೆ,” ಎಂದಳು ಗ್ವೆನೊ.

“ಅದಕ್ಕೇ ಅಲ್ಲಿ ಯಾರಿಗೂ ಭಕ್ತಿ ಇಲ್ಲ,” ಎಂದು ಎಮ್ರಿಸ್ ಬೀಗ ತೆಗೆದರು.

ನೆಸ್ಟ್‌ಗೆ ಹಗುರವಾಯಿತು. ಹೇಳಲು ಹೊರಟಿದ್ದೆ, ಅಡ್ಡಿ ಬಂತು, ಇದು ದೇವರಿಗೂ ಕಂಡಿರುತ್ತದೆ ಎಂದುಕೊಂಡಳು.

ಆರುನೂರು ಜನ ಕೂರಲೆಂದು ಕಲ್ಲುಗಣಿಯವರು ಕಟ್ಟಿದ ಚಾಪೆಲ್ಲಿನಲ್ಲಿ ಆ ದಿನ ಹನ್ನೊಂದು ಜನರಿದ್ದರು. ಹನ್ನೊಂದು ಜನವೂ ತಮ್ಮ ತಮ್ಮ ಅಜ್ಜಂದಿರ ಬೆಂಚುಗಳಲ್ಲೇ, ಒಬ್ಬರಿಗೊಬ್ಬರು ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಕೂತಿದ್ದರು. ಬೋಧಕರು ನಾಲ್ಕು ಚಾಪೆಲ್ಲುಗಳಿಗೆ ಒಬ್ಬರೇ ಆದ್ದರಿಂದ ತಿಂಗಳಿಗೊಂದು ಭಾನುವಾರ ಬರುತ್ತಿದ್ದರು, ಬಂದ ಮೇಲೆ ಗಡಿಯಾರ ನೋಡುತ್ತಿದ್ದರು. ಮರಕ್ಕೆ ಹಚ್ಚಿದ ಮೇಣದ ವಾಸನೆ, ಉಪದೇಶಕ್ಕೆ ಮೊದಲು ಕೈಯಿಂದ ಕೈಗೆ ಬರುವ ಪುದೀನಾ ಮಿಠಾಯಿಯ ವಾಸನೆ. ಅದು ಮೂಗಿಗೆ ಬಡಿದೊಡನೆ ನೆಸ್ಟ್ ಏಳು ವರ್ಷದವಳಾಗುತ್ತಿದ್ದಳು. ಆಗ ಮಕ್ಕಳು ಒಂಬತ್ತು ಜನ. ಬೋಧಕರು ‘ಮಕ್ಕಳು ಮುಂದೆ ಬರಲಿ’ ಎಂದೊಡನೆ ಎದ್ದುಹೋಗಿ ಹಿರಿಯರ ದೊಡ್ಡ ಪೀಠದ ಎದುರು ಸಾಲಾಗಿ ನಿಂತು, ಬಲಗಡೆಯಿಂದ ಒಬ್ಬೊಬ್ಬರೇ ಕಂಠಪಾಠ ಮಾಡಿದ ಒಂದೊಂದು ವಚನ ಒಪ್ಪಿಸಬೇಕು. ದೇವರ ಪ್ರೀತಿಯ ಬಗೆಗೆ ಮೂರು ಪದದ್ದೊಂದಿದೆ, ಎಲ್ಲಕ್ಕಿಂತ ಚಿಕ್ಕವುಗಳಲ್ಲಿ ಒಂದು. ಒಂದು ಭಾನುವಾರ ಒಂಬತ್ತು ಮಕ್ಕಳೂ ಅದನ್ನೇ ಹೇಳಿದರಂತೆ. ಅಂದಿನ ಬೋಧಕರು, ದೇವರಿಗೆ ಇದು ಮೊದಲ ಸಲವೇ ತಿಳಿಯಿತು ಎಂದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಕೂಡದೆಂದು ಕಟ್ಟಳೆ ಮಾಡಿದರು. ಗ್ವೆನೊ ಮೂರು ವಾರ ಕೂತು, ಬೆಟ್ಟಗಳ ಕಡೆ ಕಣ್ಣೆತ್ತುವ ಉದ್ದದ್ದೊಂದನ್ನು ಕಲಿತಿದ್ದಳು. ಆಗ ಇಬ್ಬರ ಮನೆಗಳೂ ಹಳ್ಳದಾಚೆ ಇದ್ದವು, ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಿದ್ದಳು, ಹೆಜ್ಜೆಗೊಂದು ಪದ. ಪಕ್ಕದಲ್ಲಿ ನಡೆಯುತ್ತಿದ್ದ ನೆಸ್ಟ್ ಏನನ್ನೂ ಕಲಿತಿರಲಿಲ್ಲ. ಬಲಗಡೆಯ ತುದಿಯಲ್ಲಿ ನಿಂತದ್ದು ನೆಸ್ಟ್. ಬಾಯಿ ತೆರೆದರೆ ಬಂದದ್ದು ಬೆಟ್ಟ. ನಿಲ್ಲಿಸಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ, ಅಷ್ಟು ಚೆನ್ನಾಗಿ ಬರುತ್ತಿತ್ತು, ಕೊನೆಯ ಪದದವರೆಗೂ ಹೆಜ್ಜೆ ಹಾಕಿಕೊಂಡು ಬಂತು. ಹಿರಿಯರು ತಲೆದೂಗಿದರು. ಆಮೇಲೆ ಗ್ವೆನೊಳ ಸರದಿ. ಗ್ವೆನೊ ಬಾಯಿ ತೆರೆದಳು, ಮುಚ್ಚಿದಳು. ಅವಳ ಬಿಳಿ ಕಾಲುಚೀಲ ಒಂದು ಜಾರಿತ್ತು. ‘ಮುಂದಿನ ತಿಂಗಳು ಹೇಳುವೆಯಂತೆ ಮರಿ’ ಎಂದು ಮಿಸೆಸ್ ಪ್ಯಾರಿ ಹೇಳುವವರೆಗೆ ಅವಳು ಹಾಗೇ ನಿಂತಿದ್ದಳು. ವಾಪಸು ಬರುವಾಗ ಹಳ್ಳದ ಸೇತುವೆ ದಾಟಿದ ಮೇಲೆ ಗ್ವೆನೊ ಹೇಳಿದಳು: ‘ನೀನು ಮಧ್ಯೆ ಒಂದು ಪದ ಬಿಟ್ಟೆ.’ ಅಷ್ಟೇ. ಯಾರಿಗೂ ಹೇಳಲಿಲ್ಲ, ಮತ್ತೆ ಯಾವತ್ತೂ ಎತ್ತಲಿಲ್ಲ. ಅಂದಿನಿಂದ ನೆಸ್ಟ್ ಬೇರೆ ಬೇರೆ ವಚನ ಕಲಿಯುತ್ತ ಬಂದರೂ ಆಪತ್ತಿಗಿರಲಿ ಎಂದು ಮೂರು ಪದದ್ದನ್ನು ಒಳಜೇಬಿನಲ್ಲಿ ಇಟ್ಟುಕೊಂಡೇ ಎದ್ದು ನಿಲ್ಲುತ್ತಿದ್ದಳು.

“ಮಕ್ಕಳು ಮುಂದೆ ಬರಲಿ,” ಎಂದರು ಬೋಧಕರು.

ಹದಿನೆಂಟು ವರ್ಷದ ಇಬ್ಬರು ಹೆಣ್ಣುಮಕ್ಕಳು ಎದ್ದರು. ಉಳಿದ ಮಕ್ಕಳು ಊರು ಬಿಟ್ಟಿದ್ದರು, ಇಲ್ಲವೇ ನಂಬಿಕೆ ಬಿಟ್ಟಿದ್ದರು, ಹೊಸದಾಗಿ ಯಾರೂ ಹುಟ್ಟಿರಲಿಲ್ಲ. ಹೀಗಾಗಿ ನೆಸ್ಟ್ ಮತ್ತು ಗ್ವೆನೊ ಬಿಡುಗಡೆಯಿಲ್ಲದೆ ಮಕ್ಕಳಾಗಿಯೇ ಉಳಿದಿದ್ದರು. ಒಮ್ಮೆ ಮಾಬ್ಲಿಗೆ ಇದನ್ನು ಹೇಳಿದಾಗ ಅವಳು ಕುರ್ಚಿಯಿಂದ ಬೀಳುವ ಹಾಗೆ ನಕ್ಕು, ‘ಹೇಳಿದ್ಮೇಲೆ ಮಿಠಾಯಿ ಕೊಡ್ತಾರಾ?’ ಎಂದು ಕೇಳಿದ್ದಳು. ಕೊಡುತ್ತಿದ್ದರು. ಇಲ್ಲವೆಂದು ನೆಸ್ಟ್ ಸುಳ್ಳು ಹೇಳಿದ್ದಳು.

ಗ್ವೆನೊ ಮುಂದೆ ನಡೆದವಳು ಬಲಗಡೆ ನಿಂತಳು. ನೆಸ್ಟ್‌ಗೆ ಎಡಗಡೆ ಉಳಿಯಿತು. ಅಷ್ಟರಲ್ಲಿ ಎಮ್ರಿಸ್ ದೊಡ್ಡ ಪೀಠದಿಂದ ಎದ್ದು ಗಂಟಲು ಸರಿಮಾಡಿಕೊಂಡರು. ಛಾವಣಿಯ ವಿಷಯವಿರಬೇಕೆಂದು ಎಲ್ಲರೂ ಮೇಲೆ ನೋಡಿದರು. ಎಮ್ರಿಸ್ ಜೇಬಿನಿಂದ ಒಂದು ಬಿಳಿ ಲಕೋಟೆ ತೆಗೆದರು.

“ನಮ್ಮ ಮಕ್ಕಳಿಬ್ರೂ ಓದೋಕೆ ಹೋಗೋ ಮುಂಚೆ ಯುರೋಪ್ ಸುತ್ತೋಕೆ ಹೊರಟಿದಾರೆ,” ಎಂದರು. “ಕೈಲಾದಷ್ಟು ಸೇರ್ಸಿದೀವಿ. ಎರಡು ಲಕೋಟೆ ಮಾಡೋಣ ಅಂದ್ರೆ ಮಿಸೆಸ್ ಪ್ಯಾರಿ ಯಾಕಪ್ಪಾ ದಂಡ, ಒಬ್ಬರನ್ನ ಬಿಟ್ಟು ಒಬ್ಬರು ಹೋಗೋರಲ್ಲ, ಒಂದೇ ಸಾಕು ಅಂದ್ರು.”

ಲಕೋಟೆಯನ್ನು ನೆಸ್ಟ್‌ಳ ಕೈಗೆ ಕೊಟ್ಟರು, ಅವಳು ಹತ್ತಿರವಿದ್ದಳು. ಅದರ ಮೇಲೆ ಮಿಸೆಸ್ ಪ್ಯಾರಿಯವರ ನಡುಗುವ ಅಕ್ಷರದಲ್ಲಿ ಎರಡು ಹೆಸರು ಬಳ್ಳಿಯ ಹಾಗೆ ಒಂದಕ್ಕೊಂದು ತಾಗಿಕೊಂಡಿದ್ದವು. ಕಾಗದ ಬೆಚ್ಚಗಿತ್ತು, ಎಮ್ರಿಸ್ ಅವರ ಮೈಯ ಬಿಸಿ. ಅದನ್ನು ಹಿಡಿದ ಅಂಗೈಯಲ್ಲಿ ಹೆಬ್ಬೆರಳು ತಾನಾಗಿ ಮೇಲೆ ಬಂದು ಕೂತಿದ್ದನ್ನು ನೋಡಿ ನೆಸ್ಟ್ ಅದನ್ನು ಒಳಕ್ಕೆ ಮಡಚಿದಳು.

“ದೇವರಿಗೆ ಸ್ತೋತ್ರ,” ಎಂದರು ಬೋಧಕರು, ಗಡಿಯಾರ ನೋಡಿ. “ಗ್ವೆನೊ?”

ಗ್ವೆನೊ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಚಿಕ್ಕ ವಚನ ಹೇಳಿದವಳಲ್ಲ. ಕೆಲವೊಮ್ಮೆ ಇಡೀ ಅಧ್ಯಾಯ ಹೇಳಿ ಹಿರಿಯರ ಊಟಕ್ಕೆ ತಡಮಾಡಿದ್ದಳು. ಜನ ಬೆಂಚಿಗೆ ಒರಗಿಕೊಂಡು, ಮಿಠಾಯಿಯನ್ನು ದವಡೆಯ ಮೂಲೆಗೆ ದೂಡಿ, ಉದ್ದಕ್ಕೆ ತಯಾರಾದರು. ಗ್ವೆನೊ ಎದುರಿನ ಗೋಡೆಯನ್ನು ನೋಡುತ್ತ ಮೂರು ಪದದ್ದನ್ನು ಹೇಳಿದಳು. ಹೇಳಿ ಬಾಯಿ ಮುಚ್ಚಿದಳು.

ಮುಂದೆ ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ. ಯಾರದೋ ಬೆಂಚು ಕಿರುಗುಟ್ಟಿತು. “ಒಳ್ಳೇದು,” ಎಂದರು ಬೋಧಕರು, ಉಳಿದ ಸಮಯವನ್ನು ಏನು ಮಾಡುವುದೆಂದು ತಿಳಿಯದವರಂತೆ. “ನೆಸ್ಟ್?”

ನೆಸ್ಟ್ ಒಳಜೇಬನ್ನು ತಡಕಿದಳು. ಅಲ್ಲಿದ್ದದ್ದು ಈಗಷ್ಟೇ ಖರ್ಚಾಗಿತ್ತು. ಬಾಲ್ಯದಿಂದ ಕಲಿತ ನೂರಿನ್ನೂರು ವಚನಗಳು ಎಲ್ಲೋ ಹಿಂದೆ ಬಾಗಿಲು ಹಾಕಿಕೊಂಡು ಕೂತಿದ್ದವು. ನಾಲಗೆಯ ಮೇಲೆ ಸಿದ್ಧವಾಗಿ, ನಲವತ್ತು ಸಲ ತೀಡಿ, ಹೊರಬರಲು ತುದಿಗಾಲಲ್ಲಿ ನಿಂತಿದ್ದದ್ದು ಒಂದೇ ಮಾತು. ಕೋಣೇಲಿ ನಾಲ್ಕೇ ಹಾಸಿಗೆ. ಬಾಯಿ ತೆರೆದರೆ ಅದೇ ಬರುತ್ತದೆಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ಹನ್ನೊಂದು ಜನರೆದುರು, ಬೋಧಕರೆದುರು, ಗ್ರಂಥದ ಧಾಟಿಯಲ್ಲಿ. ಅದಕ್ಕೇ ತುಟಿ ಬಿಗಿಹಿಡಿದು ನಿಂತಳು. ಮಿಸೆಸ್ ಪ್ಯಾರಿ ಮುಂದಕ್ಕೆ ಬಾಗಿ, ಎಂಬತ್ತೆರಡರ ತಮ್ಮ ಬಾಯನ್ನೇ ಅಗಲ ತೆರೆದು ತೋರಿಸಿದರು, ಮಗುವಿಗೆ ತುತ್ತಿಡುವಾಗ ತಾಯಿ ಬಾಯಿ ತೆರೆಯುವ ಹಾಗೆ.

ಆಗ ಬಲಗಡೆಯಿಂದ, ತುಟಿ ಅಲ್ಲಾಡದೆ, ಉಸಿರಿಗಿಂತ ಸ್ವಲ್ಪ ಜೋರಾಗಿ ಬಂತು:

“ಬೆಟ್ಟ.”

ನೆಸ್ಟ್ ಬಾಯಿ ತೆರೆದಳು. ಬೆಟ್ಟ ಬಂತು. ಕಣ್ಣೆತ್ತುವುದು ಬಂತು, ಸಹಾಯ ಬಂತು, ಕಾಲು ಜಾರಗೊಡದಿರುವುದು ಬಂತು, ಏಳು ವರ್ಷದವಳ ಹೆಜ್ಜೆಗೊಂದು ಪದ ಸೇತುವೆ ದಾಟಿಕೊಂಡು ಬಂತು. ಅವಳ ದನಿ ತಾನಾಗಿ ರಾಗಕ್ಕೆ ಏರಿತು, ಇಳಿಯಿತು. ಮುಗಿದಾಗ ಎಮ್ರಿಸ್ ಕರವಸ್ತ್ರ ತೆಗೆದರು. ಇಂಥ ಒಪ್ಪುವ ವಚನವನ್ನು ಪಯಣಕ್ಕೆಂದು ಆರಿಸಿದ್ದಕ್ಕಾಗಿ ಬೋಧಕರು ನೆಸ್ಟ್‌ಳನ್ನು ಹೆಸರು ಹಿಡಿದು ಮೆಚ್ಚಿದರು. ಮಿಠಾಯಿ ಇಬ್ಬರಿಗೂ ಸಿಕ್ಕಿತು.

ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಚಹಾ. ಮಿಸೆಸ್ ಪ್ಯಾರಿ ಒಣದ್ರಾಕ್ಷಿಯ ಬ್ರೆಡ್ಡೊಂದನ್ನು ಬೆಳ್ಳಿಕಾಗದದಲ್ಲಿ ಸುತ್ತಿ ತಂದಿದ್ದರು, ಚಹಾದಲ್ಲಿ ಹಣ್ಣು ನೆನೆಸಿ ಮಾಡುವಂಥದ್ದು, ಇಟ್ಟಿಗೆಯಷ್ಟು ಭಾರ. ಅದನ್ನು ಗ್ವೆನೊಳ ಕೈಗೆ ಕೊಟ್ಟು, “ನೀನೇ ಹೊತ್ಕೋ ಮರಿ, ಇವಳು ಎಲ್ಲಾದ್ರೂ ಮರ್ತು ಬರ್ತಾಳೆ. ಕಾಗದ ಬಿಚ್ಚಿದ್ಮೇಲೂ ಹನ್ನೊಂದು ದಿನ ಕೆಡಲ್ಲ. ತೆಳ್ಳಗೆ ಕುಯ್ದ್ರೆ ಇಬ್ಬರಿಗೆ ವಿಯೆನ್ನಾ ತನಕ ಬರುತ್ತೆ,” ಎಂದರು. ಗ್ವೆನೊ ವಂದನೆ ಹೇಳಿ ತೆಗೆದುಕೊಂಡಳು. ವಿಯೆನ್ನಾ ಎಂಟನೆಯ ದಿನ, ಇನ್ನೂ ಮೂರು ದಿನ ಉಳಿಯುತ್ತದೆ ಎಂದು ಲೆಕ್ಕವನ್ನೂ ಹೇಳಿದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ. ನೆಸ್ಟ್ ಆ ಮುಖವನ್ನು ನೋಡುತ್ತ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನಾಲಗೆ ಸುಟ್ಟುಕೊಂಡಳು.

ಹೊರಗೆ ಬಸ್ಸಿನ ಕಟ್ಟೆಯ ಬಳಿ ಗ್ವೆನೊ ಫೈಲನ್ನೂ ಬ್ರೆಡ್ಡನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಇಟ್ಟಳು.

“ಬಸ್ಸಿಗೆ ಒಂಬತ್ತು ನಿಮಿಷ ಇದೆ,” ಎಂದಳು. “ಈಗ ಹೇಳು.”

“ಏನನ್ನ?”

“ಬೆಳಿಗ್ಗೆ ಒಂದು ಮಾತು ಅಂದ್ಯಲ್ಲ.”

“ಅದು… ಕೋಣೇಲಿ ನಾಲ್ಕೇ ಹಾಸಿಗೆ ಗ್ವೆನೊ.”

“ಗೊತ್ತು. ಕೋಣೆ ಹುಡ್ಕಿದ್ದೇ ನಾನು.” ಗ್ವೆನೊ ಜಾರಿದ ಕಾಲುಚೀಲವನ್ನು ಎಳೆದುಕೊಂಡಳು. “ಟೊಮೋಸ್ ಗುರುವಾರ ಸಂಜೆ ಫೋನ್ ಮಾಡಿದ್ದ. ಪಟ್ಟೀಲಿ ಗ್ವೆನೊ ಅಂತ ಇರೋ ಕಡೆಯೆಲ್ಲ ಡವ್ರಿಗ್ ಅಂತ ಮಾಡೋದು ಹೇಗೆ ಅಂತ ಕೇಳ್ದ. ಅವನಿಗೆ ಬರಲ್ವಲ್ಲ. ನಾನೇ ಮಾಡ್ಕೊಟ್ಟೆ.”

ನೆಸ್ಟ್ ಗೋಡೆಯ ಮೇಲಿನ ಹಸಿರು ಫೈಲನ್ನು ನೋಡಿದಳು.

“ಒಂದೇ ಸಲಕ್ಕೆ ಆಗುತ್ತೆ,” ಎಂದಳು ಗ್ವೆನೊ. “ಒಂದೊಂದಾಗಿ ಅಳಿಸ್ತಾ ಕೂರ್ಬೇಕಿಲ್ಲ.”

ಹಾಗಾದರೆ ಗುರುವಾರ, ಶುಕ್ರವಾರ, ಶನಿವಾರ. ಶುಕ್ರವಾರ ಇಬ್ಬರೂ ಪೇಟೆಯಲ್ಲಿ ಸಿಕ್ಕಿ, ಒಂದೇ ಐಸ್‌ಕ್ರೀಮು ಕೊಂಡು ಹಂಚಿಕೊಂಡು ತಿಂದಿದ್ದರು. ಗ್ವೆನೊ ಆಗ ಲುಬ್ಲಿಯಾನಾದ ನೀರಿನ ನಲ್ಲಿಯ ವಿಷಯ ಹೇಳಿದ್ದಳು. ಅಷ್ಟು ಹೊತ್ತೂ ಕಾದಿದ್ದಳು.

“ಗೊತ್ತಿದೆಯಲ್ಲ ನಿಂಗೆ,” ಎಂದಳು ನೆಸ್ಟ್. “ಮತ್ತೆ ನಾನ್ಯಾಕೆ ಹೇಳ್ಬೇಕು?”

“ವಚನಾನೂ ಎಲ್ಲರಿಗೂ ಗೊತ್ತಿರುತ್ತೆ. ಆದ್ರೂ ಹೇಳಿಸ್ತಾರಲ್ಲ.” ಗ್ವೆನೊ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು, ಭಾನುವಾರದ ಶಾಲೆಯಲ್ಲಿ ಒಪ್ಪಿಸಿಕೊಳ್ಳುವಾಗ ಮಿಸೆಸ್ ಪ್ಯಾರಿ ಕಣ್ಣು ಮುಚ್ಚುತ್ತಿದ್ದ ಹಾಗೆ. “ಹೇಳು. ಕೇಳಿಸ್ಕೋತೀನಿ.”

ನೆಸ್ಟ್ ಕೈ ಕಟ್ಟಿಕೊಂಡಳು. ಒಪ್ಪಿಸುವಾಗ ಕೈ ಕಟ್ಟಿ ಅಭ್ಯಾಸ. “ನೀನು ಬರೋದು ಮಾಬ್ಲಿಗೆ ಬೇಡ,” ಎಂದಳು. “ಡವ್ರಿಗ್‌ಗೆ ಜಾಗ ಬೇಕು. ಟೊಮೋಸ್ ಸರಿ ಅಂದ.”

ಗ್ವೆನೊ ಕಣ್ಣು ತೆರೆಯಲಿಲ್ಲ. “ಒಂದು ಹೆಸರು ಬಿಟ್ಟೆ.”

“ಡವ್ರಿಗ್ ಏನೂ ಅಂದಿಲ್ಲ. ಅವನಿಗೆ ಎಲ್ಲಾ ಒಂದೇ.”

“ಅವನದ್ದಲ್ಲ.”

ಕೆಳಗೆ ಹಳ್ಳದ ಸೇತುವೆಯ ಮೇಲೆ ಬಸ್ಸು ಕಾಣಿಸಿಕೊಂಡಿತು. ಕುರಿಗಳಿಗಾಗಿ ನಿಂತಿತು. ಒಂದೊಂದೇ ಕುರಿ ದಾಟುವುದನ್ನು ನೆಸ್ಟ್ ನೋಡಿದಳು. ಅವಸರ ಯಾವ ಕುರಿಗೂ ಇರಲಿಲ್ಲ. ಹೆಬ್ಬೆರಳಿನ ವಿಷಯ, ಆಲೂಗೆಡ್ಡೆಯ ವಿಷಯ, ಒದ್ದೆ ಕೈಯ ವಿಷಯ ಎಲ್ಲವನ್ನೂ ವಿವರಿಸಬಹುದಿತ್ತು, ಗ್ವೆನೊ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದಳು, ಆಮೇಲೆ ಮತ್ತೆ ಒಂದು ಹೆಸರು ಬಿಟ್ಟೆ ಎನ್ನುತ್ತಿದ್ದಳು.

“ನಾನೂ ಬೇಡ ಅಂದೆ,” ಎಂದಳು ನೆಸ್ಟ್. “ಬಾಯಿಬಿಟ್ಟು ಅನ್ನಲಿಲ್ಲ. ಆದ್ರೂ ಅಂದೆ.”

ಗ್ವೆನೊ ಕಣ್ಣು ತೆರೆದಳು. “ಹೂಂ,” ಎಂದಳು. “ಈಗ ಪೂರ್ತಿ ಆಯ್ತು.” ಮಿಸೆಸ್ ಪ್ಯಾರಿ ಇಂಥ ಹೊತ್ತಿನಲ್ಲಿ ನಗುತ್ತಿದ್ದರು. ಗ್ವೆನೊ ನಗಲಿಲ್ಲ. ಫೈಲನ್ನೂ ಬ್ರೆಡ್ಡನ್ನೂ ಎತ್ತಿ ನೆಸ್ಟ್‌ಳ ತೋಳಿನ ಮೇಲೆ ಇಟ್ಟಳು. ಲಕೋಟೆಯನ್ನು ನೆಸ್ಟ್ ಚಾಚಿದಾಗ ಕೈ ಹಿಂದಕ್ಕೆ ತೆಗೆದುಕೊಂಡಳು.

“ಅದು ಇಬ್ಬರಿಗೆ ಅಂತ ಕೊಟ್ಟಿದ್ದು. ವಾಪಸ್ ಕೊಡ್ಬೇಕು. ಯಾಕೆ ಅಂತ ಕೇಳ್ತಾರೆ.”

“ನಾನು ಹೇಳ್ತೀನಿ.”

“ಹೇಳು,” ಎಂದಳು ಗ್ವೆನೊ. “ಹೆಸರು ಬಿಡ್ಬೇಡ.” ಆಮೇಲೆ ಗುಡ್ಡದ ಕಡೆ ತಿರುಗಿ ನಡೆದಳು. ಹತ್ತು ಹೆಜ್ಜೆ ಹೋಗಿ ನಿಂತು, ಪ್ಯಾರಿಸ್‌ನಲ್ಲಿ ನಿಲ್ದಾಣ ಬದಲಿಸುವಾಗ ಐವತ್ತು ನಿಮಿಷ ಇದೆ, ಓಡಬೇಕಿಲ್ಲ, ಆದರೆ ಡವ್ರಿಗ್ ನಿಧಾನ ಎಂದು ನೆನಪಿಸಿದಳು. ಮತ್ತೆ ನಡೆದಳು.

ಬಸ್ಸಿನಲ್ಲಿ ಯಾರೂ ಇರಲಿಲ್ಲ. ನೆಸ್ಟ್ ತನ್ನ ಎಂದಿನ ಸೀಟಿನಲ್ಲಿ ಕೂತು ಬ್ರೆಡ್ಡನ್ನು ಮಡಿಲಲ್ಲಿಟ್ಟುಕೊಂಡು ಫೈಲು ತೆರೆದಳು. ಏಳು ಹಾಳೆ, ಇಪ್ಪತ್ಮೂರು ರೈಲು. ಗ್ವೆನೊ ಎಂದು ಎಲ್ಲೂ ಇರಲಿಲ್ಲ. ಡವ್ರಿಗ್ ಎಂದು ಎಲ್ಲ ಕಡೆ ಇತ್ತು, ನೀರು ತುಂಬುವವನು ಡವ್ರಿಗ್, ಬ್ರೆಡ್ಡಿನ ಹೊತ್ತು ನೋಡುವವನು ಡವ್ರಿಗ್, ರಾತ್ರಿ ಮೇಲಿನ ಹಾಸಿಗೆ ಡವ್ರಿಗ್. ಪ್ರತಿ ರೈಲಿನ ಮುಂದೆಯೂ ಕೊನೆಯ ಅಂಕಣದಲ್ಲಿ ಕೈಬರಹದಲ್ಲಿ ಒಂದು ಸಣ್ಣ ಸಾಲಿತ್ತು. ಅಚ್ಚು ಹಾಕಿದ ಮೇಲೆ, ಗುರುವಾರದ ನಂತರವೇ ಬರೆದದ್ದು. ಮೊದಲ ರೈಲಿಗೆ: ‘ನೆಸ್ಟ್, ಮುಂದಕ್ಕೆ ಮುಖವಿರುವ ಸೀಟು.’ ಎರಡನೆಯದಕ್ಕೂ ಅದೇ. ಅವಳು ಹಾಳೆ ತಿರುವಿದಳು. ಒಂಬತ್ತನೆಯ ರೈಲು ನಡುದಾರಿಯಲ್ಲಿ ದಿಕ್ಕು ಬದಲಿಸುತ್ತದೆ, ಆಗ ನೆಸ್ಟ್ ಎದುರಿನ ಸೀಟಿಗೆ ಬರಬೇಕು, ಡವ್ರಿಗ್ ಎದ್ದು ಕೊಡಬೇಕು ಎಂದಿತ್ತು. ಇಪ್ಪತ್ಮೂರಕ್ಕೂ ಇತ್ತು. ಒಂದನ್ನೂ ಬಿಟ್ಟಿರಲಿಲ್ಲ.

ಚೀಲದಲ್ಲಿ ಫೋನು ನಡುಗಿತು. ಅವಳು ಫೈಲು ಮುಚ್ಚಿದಳು. ಎದ್ದು, ಕಂಬ ಹಿಡಿದುಕೊಂಡು ಮುಂದೆ ಹೋಗಿ, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಳು. ಚಾಪೆಲ್ಲು, ಗುಡ್ಡ, ಗುಡ್ಡದ ಬುಡದಲ್ಲಿ ಹತ್ತುತ್ತಿದ್ದ ನೀಲಿ ಲಂಗ ಎಲ್ಲವೂ ಅವಳಿಂದ ದೂರ ಸರಿಯತೊಡಗಿದವು.

ಡ್ರೈವರು ಕನ್ನಡಿಯಲ್ಲಿ ನೋಡಿದ. “ಅಲ್ಲಿ ಯಾಕಮ್ಮ? ಬಸ್ಸೆಲ್ಲ ಖಾಲಿ ಇದೆ.”

“ಪರವಾಗಿಲ್ಲ,” ಎಂದಳು ನೆಸ್ಟ್.

ಮೊದಲನೆಯ ತಿರುವು ಕಳೆಯಿತು. ಅವಳು ಬ್ರೆಡ್ಡನ್ನು ಎರಡೂ ಕೈಯಿಂದ ಹಿಡಿದುಕೊಂಡು ಎರಡನೆಯದಕ್ಕೆ ಕಾದಳು.